ಹೆಸರು ಕರೆಯುವ ಹೊತ್ತು

(ಕಾಲೇಜುಗಳ ಬೀಳ್ಕೊಡುಗೆ ಸಮಿತಿಗಳಲ್ಲಿ ದುಡಿಯುವ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡೋಣ. ಮುನ್ನೂರು ಮಂದಿ ಓದು ಮುಗಿಸಿ ಹೊರಡುತ್ತಿದ್ದಾರೆ. ಒಬ್ಬರ ಹೆಸರು ಕರೆದು, ಅವರು ವೇದಿಕೆ ಹತ್ತಿ, ಪ್ರಮಾಣಪತ್ರ ಪಡೆದು, ಫೋಟೋಗೆ ಒಂದು ಗಳಿಗೆ ನಿಂತು ಮುಂದೆ ಸಾಗಲು ಹತ್ತು ಸೆಕೆಂಡು ಬೇಕು. ಮುನ್ನೂರು ಮಂದಿಗೆ 50 ನಿಮಿಷ. ಸಮಿತಿಯ ಮೊದಲ ಸಭೆಯಲ್ಲಿ ಈ ಅಂಕಿ ಹೊರಬಿದ್ದ ಕೂಡಲೇ ಯಾರಾದರೊಬ್ಬರು ಹೇಳುವುದುಂಟು: “ಅಷ್ಟೊತ್ತು ಬರೀ ಹೆಸರು ಓದಿದರೆ ಜನ ಎದ್ದು ಹೋಗ್ತಾರೆ. ತರಗತಿಯವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಒಂದು ಚಪ್ಪಾಳೆ ಹೊಡೆಸಿಬಿಡೋಣ.”

ದಯವಿಟ್ಟು ಒಪ್ಪಬೇಡಿ. ಇವತ್ತು ನಾನು ಹೇಳಬೇಕೆಂದಿರುವುದರ ತಿರುಳು ಇದೇ: ಆ 50 ನಿಮಿಷವೇ ಕಾರ್ಯಕ್ರಮ. ಉಳಿದದ್ದನ್ನು ಅದರ ಸುತ್ತ ಜೋಡಿಸಬೇಕು, ಜಾಗ ಸಾಲದಿದ್ದರೆ ಉಳಿದದ್ದನ್ನೇ ಕತ್ತರಿಸಬೇಕು. ಒಬ್ಬ ವಿದ್ಯಾರ್ಥಿ ಇಷ್ಟು ವರ್ಷ ಈ ಆವರಣದಲ್ಲಿ ಓಡಾಡಿದ್ದಾಳೆ, ಹಾಜರಿ ಪುಸ್ತಕದಲ್ಲಿ ಒಂದು ಕ್ರಮಸಂಖ್ಯೆಯಾಗಿ ಇದ್ದಾಳೆ. ಅವಳ ಹೆಸರನ್ನು ಪೂರ್ತಿಯಾಗಿ, ಸರಿಯಾಗಿ, ಅವಳ ಮನೆಯವರ ಕಿವಿಗೆ ಬೀಳುವಂತೆ ಕಾಲೇಜು ಕರೆಯುವುದು ಒಂದೇ ಸಲ.

ನಮ್ಮ ಮಾತುಗಳಲ್ಲೇ ಇದರ ಸುಳಿವಿದೆ. ‘ಪದವಿ’ ಎಂಬುದಕ್ಕೆ ಸಂಸ್ಕೃತದಲ್ಲಿ ಮೊದಲಿಗೆ ಹಾದಿ ಎಂಬ ಅರ್ಥ, ಆಮೇಲೆ ಸ್ಥಾನ. ಲ್ಯಾಟಿನ್ನಿನ ‘ಗ್ರಾಡಸ್’ ಎಂದರೆ ಹೆಜ್ಜೆ, ಮೆಟ್ಟಿಲು. ಗ್ರಾಜುಯೇಟ್ ಎಂಬ ಮಾತು ಬಂದದ್ದು ಅಲ್ಲಿಂದ. ‘ಘಟಿಕೋತ್ಸವ’ದೊಳಗಿನ ಘಟಿಕೆ ಹಳೆಯ ಕಾಲದ ವಿದ್ಯಾಕೇಂದ್ರ, ಕದಂಬರ ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದದ್ದನ್ನು ತಾಳಗುಂದದ ಶಾಸನ ಹೇಳುತ್ತದೆ. ಹಾದಿ, ಮೆಟ್ಟಿಲು ಎರಡರಲ್ಲೂ ನಡೆಯುವವರು ಒಬ್ಬರು ಇರಲೇಬೇಕು. ವೇದಿಕೆಯ ಮೇಲಿನ ಆ ಏಳೆಂಟು ಹೆಜ್ಜೆಯನ್ನು ಅವರಿಂದ ಕಿತ್ತುಕೊಳ್ಳಬಾರದು.

ಈಗ ಕೆಲಸಕ್ಕೆ ಬರೋಣ. ಮೊದಲು ಹೆಸರು.

ಹೆಸರುಗಳನ್ನು ಕಚೇರಿಯ ಪಟ್ಟಿಯಿಂದ ತೆಗೆದುಕೊಂಡರೆ ಅಲ್ಲಿಗೇ ಅರ್ಧ ಕೆಟ್ಟಿತು. ಆ ಪಟ್ಟಿ ಹೆಚ್ಚಾಗಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಇರುತ್ತದೆ. ಅದರಲ್ಲಿ ಹ್ರಸ್ವ ದೀರ್ಘ ತಿಳಿಯದು. ಲ-ಳ, ನ-ಣ, ತ-ಟ, ದ-ಡ ಒಂದೂ ಬೇರೆಯಾಗಿ ಕಾಣದು. ಮಾಲಾ, ಮಲಾ, ಮಾಳಾ ಮೂರಕ್ಕೂ ಅಲ್ಲಿ ಒಂದೇ ಕಾಗುಣಿತ. ಓದುವವರು ಊಹಿಸುತ್ತಾರೆ, ಊಹೆ ತಪ್ಪಿದಾಗ ವೇದಿಕೆ ಹತ್ತುತ್ತಿರುವ ಹುಡುಗಿಯ ಮುಖ ಸಣ್ಣದಾಗುತ್ತದೆ. ಆದ್ದರಿಂದ ಸಮಾರಂಭಕ್ಕೆ 12 ವಾರ ಮೊದಲೇ ವಿದ್ಯಾರ್ಥಿಗಳಿಂದ ಒಂದು ಚಿಕ್ಕ ನಮೂನೆ ತುಂಬಿಸಿಕೊಳ್ಳಿ. ಅದರಲ್ಲಿ ನಾಲ್ಕೇ ವಿಷಯ ಸಾಕು: ಪ್ರಮಾಣಪತ್ರದಲ್ಲಿ ಇರುವಂತೆ ಹೆಸರು, ಕನ್ನಡ ಲಿಪಿಯಲ್ಲಿ ವೇದಿಕೆಯಲ್ಲಿ ಕರೆಯಬೇಕಾದ ಹೆಸರು; ಇನಿಷಿಯಲ್ ಬಿಡಿಸಿ ಓದಬೇಕೇ, ಹಾಗೇ ಓದಬೇಕೇ, ಬಿಡಬೇಕೇ; ಅವರದೇ ದನಿಯಲ್ಲಿ ಹೆಸರಿನ ಧ್ವನಿಮುದ್ರಣ, ಮೂರು ಸೆಕೆಂಡಿನದು.

ಕನ್ನಡ ಲಿಪಿ ಬಹುಪಾಲು ಗೊಂದಲ ಕಳೆಯುತ್ತದೆ, ಎಲ್ಲವನ್ನೂ ಅಲ್ಲ. ಫ಼ಾತಿಮಾ, ಜ಼ೀನತ್ ಎಂಬಲ್ಲಿ ಅಕ್ಷರದಡಿಯ ಚುಕ್ಕೆ ಅಚ್ಚಿನಲ್ಲಿ ಉದುರಿಹೋಗುತ್ತದೆ. ಕೆಲವು ಭಾಷೆಗಳ ಹೆಸರಿನ ದನಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಅದಕ್ಕೇ ಧ್ವನಿಮುದ್ರಣ ಬೇಕು ಎನ್ನುವುದು. ಇನ್ನೊಂದು, ಸಣ್ಣದಾದರೂ ನೋಯಿಸುವಂಥದು: ನಮೂನೆಯಲ್ಲಿ ‘ಕೊನೆಯ ಹೆಸರು’ ಎಂಬ ಖಾನೆಯನ್ನು ಕಡ್ಡಾಯ ಮಾಡಬೇಡಿ. ಒಂದೇ ಹೆಸರಿನವರು ಇದ್ದಾರೆ, ಅಪ್ಪನ ಹೆಸರನ್ನು ಸೇರಿಸಿಕೊಳ್ಳಲು ಇಷ್ಟವಿಲ್ಲದವರು ಇದ್ದಾರೆ, ಅಮ್ಮನ ಹೆಸರು ಸೇರಿಸಿಕೊಳ್ಳಬೇಕೆನ್ನುವವರೂ ಇದ್ದಾರೆ. ಖಾನೆ ತುಂಬದಿದ್ದರೆ ನಮೂನೆ ಮುಂದೆ ಹೋಗುವುದಿಲ್ಲ ಎಂದಾದಾಗ ಅವರು ಏನೋ ಒಂದು ಚುಕ್ಕಿ ಹಾಕಿ ಕಳಿಸುತ್ತಾರೆ. ಆ ಚುಕ್ಕಿ ಸ್ಮರಣ ಸಂಚಿಕೆಯವರೆಗೂ ಬಂದು ಕೂರುತ್ತದೆ.

ಓದುವವರು ಇಬ್ಬರು ಇರಲಿ. ಒಂದೇ ದನಿ ನೂರೈವತ್ತು ಹೆಸರು ದಾಟುವ ಹೊತ್ತಿಗೆ ಸವೆಯುತ್ತದೆ, ಸ್ವರ ಇಳಿದು ಹೆಸರಿನ ಕೊನೆಯ ಅಕ್ಷರ ನುಂಗಿಹೋಗುತ್ತದೆ. ಐವತ್ತು ಐವತ್ತರಂತೆ ಬದಲಾಯಿಸಿಕೊಳ್ಳಿ. ಹಿರಿಯರು ಎಂಬ ಕಾರಣಕ್ಕೆ ಯಾರಿಗೂ ಈ ಕೆಲಸ ಕೊಡಬೇಡಿ; ಧ್ವನಿಮುದ್ರಣಗಳನ್ನೆಲ್ಲ ಕೂತು ಕೇಳಿ, ಅನುಮಾನ ಬಂದದ್ದಕ್ಕೆ ಪೆನ್ಸಿಲ್ ಗುರುತು ಹಾಕಿಕೊಂಡು, ಆ ವಿದ್ಯಾರ್ಥಿಯ ಎದುರು ಒಮ್ಮೆ ಹೇಳಿ ನೋಡುವ ತಾಳ್ಮೆ ಇರುವವರಿಗೆ ಕೊಡಿ. ಮುನ್ನೂರು ಹೆಸರಿಗೆ ಈ ತಯಾರಿ ಎರಡು ಸಂಜೆ ಹಿಡಿಯುತ್ತದೆ.

ಇನ್ನು ಪಟ್ಟಿ ನೋಡಿ ಓದುವ ಅಭ್ಯಾಸ. ಇದನ್ನು ಬಿಡಲೇಬೇಕು. ಸಾಲಿನಲ್ಲಿ 41ನೆಯವನು ಬಂದಿಲ್ಲ ಎನ್ನಿ. ಓದುವವರಿಗೆ ಅದು ಗೊತ್ತಿಲ್ಲ. 41ರ ಹೆಸರಿಗೆ 42ನೆಯವಳು ವೇದಿಕೆ ಹತ್ತುತ್ತಾಳೆ, 42ಕ್ಕೆ 43. ಯಾರೋ ಗಮನಿಸಿ ಓಡಿಬಂದು ಹೇಳುವ ಹೊತ್ತಿಗೆ ಹದಿನೈದು ಜನ ಬೇರೆಯವರ ಹೆಸರಿನಲ್ಲಿ ಪದವಿ ಪಡೆದಿರುತ್ತಾರೆ. ಒಬ್ಬರು ಗೈರಾದದ್ದು ಹದಿನೈದು ಮನೆಯವರ ವಿಡಿಯೋದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಇದಕ್ಕೆ ಉಪಾಯ ಹೆಸರಿನ ಚೀಟಿ. ಅಂಗೈ ಅಗಲದ ದಪ್ಪ ಕಾಗದ, ಸುಮಾರು 12 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲ. ನಡುವೆ 28 ಪಾಯಿಂಟ್ ಅಕ್ಷರದಲ್ಲಿ ಕರೆಯಬೇಕಾದ ಹೆಸರು, ಮೂಲೆಯಲ್ಲಿ ಕ್ರಮಸಂಖ್ಯೆ, ಕೆಳಗೆ ಓದುವವರ ಪೆನ್ಸಿಲ್ ಗುರುತಿಗೆ ಖಾಲಿ ಜಾಗ. ಆ ದಿನ ಬೆಳಿಗ್ಗೆ ವಿದ್ಯಾರ್ಥಿ ಬಂದು ತನ್ನ ಚೀಟಿ ಪಡೆಯುವುದೇ ಹಾಜರಿ. ಸಾಲಿನಲ್ಲಿ ಬರುವಾಗ ಚೀಟಿ ಅವರ ಕೈಯಲ್ಲೇ ಇರುತ್ತದೆ. ವೇದಿಕೆ ಹತ್ತುವಲ್ಲಿ ಓದುವವರ ಕೈಗೆ ಕೊಡುತ್ತಾರೆ, ಅವರು ಓದುತ್ತಾರೆ. ಸಾಲು ಹೇಗೇ ಕದಡಲಿ, ಹೆಸರೂ ಮನುಷ್ಯರೂ ಬೇರೆಯಾಗುವುದಿಲ್ಲ. ಹೊಳಪಿನ ಕಾಗದ ಬೇಡ, ದೀಪದ ಬೆಳಕಿಗೆ ಹೊಳೆದು ಅಕ್ಷರ ಕಾಣದು. ಓದಿದ ಚೀಟಿಗಳು ಬೀಳಲು ಮೈಕಿನ ಪಕ್ಕ ಒಂದು ಪೆಟ್ಟಿಗೆ ಇಡಿ. ಆ ಪೆಟ್ಟಿಗೆಯ ಮಾತನ್ನು ಆಮೇಲೆ ಹೇಳುತ್ತೇನೆ.

ಚಪ್ಪಾಳೆಯ ವಿಷಯ. “ಕೊನೆಯವರೆಗೂ ಚಪ್ಪಾಳೆ ತಡೆಹಿಡಿಯಿರಿ” ಎಂಬ ಕೋರಿಕೆ ಎಲ್ಲ ಕಡೆಯೂ ಮಾಡುತ್ತಾರೆ, ಎಲ್ಲೂ ನಡೆಯುವುದಿಲ್ಲ. ನಡೆಯದೇ ಹೋದಾಗ ಆಗುವ ಅನ್ಯಾಯ ಬೇರೆ: ಬಳಗ ದೊಡ್ಡದಿರುವ ಹುಡುಗನಿಗೆ ಕೂಗು, ಶಿಳ್ಳೆ, ಮಾತು ಕೇಳಿ ಸುಮ್ಮನೆ ಕೂತ ಮನೆಯವರ ಮಗಳಿಗೆ ಮೌನ, ದೂರದಿಂದ ಯಾರೂ ಬರಲಾಗದವರಿಗೂ ಮೌನ. ನನ್ನ ಮಾತು ಕೇಳುವುದಾದರೆ ತಡೆಯಬೇಡಿ. ಹೆಸರಾದ ಮೇಲೆ ಎರಡು ಸೆಕೆಂಡು ಬಿಡಿ, ಎಲ್ಲರೂ ಎಲ್ಲರಿಗೂ ತಟ್ಟಲಿ. ಮೊದಲ ಸಾಲಿನಲ್ಲಿ ಕೂತ ಅಧ್ಯಾಪಕರು ಕೊನೆಯ ಹೆಸರಿನವರೆಗೂ ಕೈ ನಿಲ್ಲಿಸಬಾರದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಅವರ ಚಪ್ಪಾಳೆಯೇ ತಳಪಾಯ. ಅದರ ಮೇಲೆ ಮನೆಯವರದು ಏರುತ್ತದೆ, ಯಾರೂ ಮೌನದಲ್ಲಿ ನಡೆಯುವುದಿಲ್ಲ. ನಾನು ಹೇಳಿದ ಹತ್ತು ಸೆಕೆಂಡಿನಲ್ಲಿ ಈ ಎರಡು ಸೆಕೆಂಡು ಸೇರಿದೆ.

ಉಳಿದ ಸಮಯ ಹೇಗೆ ಹಂಚಬೇಕು? ಮೆರವಣಿಗೆ 10 ನಿಮಿಷ, ಸ್ವಾಗತ 5, ಅತಿಥಿಯ ಮಾತು 12, ವಿದ್ಯಾರ್ಥಿ ಪ್ರತಿನಿಧಿಯ ಮಾತು 6, ಹೆಸರುಗಳು 50, ಅಗಲಿದವರ ನೆನಪು 4, ಪದಕಗಳು 8, ಮುಕ್ತಾಯ 5. ಒಟ್ಟು 100 ನಿಮಿಷ, ಎಡವಟ್ಟುಗಳಿಗೆಂದು ಇನ್ನೊಂದು ಹತ್ತು. ಮೆರವಣಿಗೆಯನ್ನು ಕಡಿಮೆ ಅಂದಾಜು ಮಾಡುವವರೇ ಹೆಚ್ಚು. ಮುನ್ನೂರು ಜನ ಇಬ್ಬಿಬ್ಬರಾಗಿ ನಡೆದರೆ 150 ಜೋಡಿ. ಜೋಡಿಗಳ ನಡುವೆ 1.2 ಮೀಟರ್ ಅಂತರವಿಟ್ಟರೆ ಸಾಲಿನ ಉದ್ದ 180 ಮೀಟರ್. ಗೌನು ತೊಟ್ಟು ಸೆಕೆಂಡಿಗೆ 0.8 ಮೀಟರ್ ನಡಿಗೆಯಲ್ಲಿ ಬಾಗಿಲು ದಾಟಲಿಕ್ಕೇ ನಾಲ್ಕು ನಿಮಿಷ, ಕುರ್ಚಿ ಹುಡುಕಿ ಕೂರಲು ಇನ್ನೂ ಅಷ್ಟು. ಸಂಗೀತ ಎರಡು ನಿಮಿಷದ್ದು ಮಾತ್ರ ಇಟ್ಟುಕೊಂಡರೆ ಮಧ್ಯದಲ್ಲಿ ನಿಂತುಹೋಗಿ, ಉಳಿದವರು ಕುರ್ಚಿ ಎಳೆಯುವ ಸದ್ದಿನಲ್ಲಿ ಒಳಬರಬೇಕಾಗುತ್ತದೆ.

ಪದಕಗಳನ್ನು ಹೆಸರುಗಳ ಮುಂಚೆ ಇಡಬೇಡಿ. ಅರ್ಧ ಗಂಟೆ ಹತ್ತು ಜನರೇ ಮತ್ತೆ ಮತ್ತೆ ವೇದಿಕೆ ಹತ್ತಿ ಇಳಿದರೆ ಉಳಿದ 290 ಮಂದಿ ಸಭಿಕರಾಗಿಬಿಡುತ್ತಾರೆ. ಎಲ್ಲರ ಹೆಸರು ಆದ ಮೇಲೆ ಪದಕ ಕೊಟ್ಟರೆ ಅದೇ ಪದಕಕ್ಕೆ ಗೆಳೆಯರ ಚಪ್ಪಾಳೆ ಇಮ್ಮಡಿಯಾಗಿ ಬೀಳುತ್ತದೆ.

ಧ್ವನಿವರ್ಧಕದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೆಸರು ಓದುವ ಮೈಕು ತಂತಿಯದ್ದಾಗಿರಲಿ, ಪಕ್ಕದಲ್ಲಿ ಇನ್ನೊಂದು ತಯಾರಿರಲಿ. ಬಾಯಿಗೂ ಮೈಕಿಗೂ 10ರಿಂದ 15 ಸೆಂಟಿಮೀಟರ್. ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ. ಹಿಂದಿದ್ದರೆ ಅದೇ ದನಿ ಮರಳಿ ಮೈಕಿಗೆ ಹೊಕ್ಕು ಕೀರಲು ಸದ್ದು ಏಳುತ್ತದೆ. ಉದ್ದದ ಸಭಾಂಗಣವಾದರೆ ಹಿಂದಿನವರಿಗೆ ಬೇರೆ ಸ್ಪೀಕರ್ ಬೇಕು, ಅದನ್ನು ತುಸು ತಡವಾಗಿ ನುಡಿಸಬೇಕು. ಮುಂದಿನ ಸ್ಪೀಕರಿನ ದನಿ 20 ಮೀಟರ್ ಸಾಗಿ ಬರಲು ಸುಮಾರು 58 ಮಿಲಿಸೆಕೆಂಡು ಹಿಡಿಯುತ್ತದೆ. ಎರಡೂ ಒಟ್ಟಿಗೆ ನುಡಿದರೆ ಹಿಂದಿನ ಸಾಲಿನವರಿಗೆ ಹೆಸರು ಎರಡೆರಡು ಸಲ ಕೇಳಿ ಕಲಸಿಹೋಗುತ್ತದೆ. ತಾಲೀಮಿನ ದಿನ ಒಬ್ಬರು ಕಟ್ಟಕಡೆಯ ಕುರ್ಚಿಯಲ್ಲಿ ಕೂತು ಇಪ್ಪತ್ತು ಹೆಸರು ಕೇಳಿ ಬರೆದುಕೊಳ್ಳಲಿ. ಇಪ್ಪತ್ತೂ ಸರಿ ಬರುವ ತನಕ ಬಿಡಬೇಡಿ.

ವೇದಿಕೆ ಹತ್ತುವ ದಾರಿ ಎಲ್ಲರಿಗೂ ಒಂದೇ ಆಗಿರಲಿ. ಗಾಲಿಕುರ್ಚಿಯ ವಿದ್ಯಾರ್ಥಿ ಕೆಳಗೇ ಇದ್ದು, ಮುಖ್ಯಸ್ಥರು ಇಳಿದು ಬಂದು ಕೊಡುವುದು ನೋಡಲು ಸೌಜನ್ಯದಂತೆ ಕಾಣುತ್ತದೆ. ಆದರೆ ಅವನೊಬ್ಬನಿಗೆ ಮಾತ್ರ ಆ ನಡಿಗೆ ಇಲ್ಲವಾಯಿತು. ಇಳಿಜಾರು ಕಟ್ಟಿಸುವಾಗ ಒಂದಕ್ಕೆ ಹನ್ನೆರಡರ ಪ್ರಮಾಣ ಇಟ್ಟುಕೊಳ್ಳಿ: ವೇದಿಕೆ 60 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರು 7.2 ಮೀಟರ್ ಉದ್ದ, ಅಗಲ ಕನಿಷ್ಠ 90 ಸೆಂಟಿಮೀಟರ್, ಅಂಚಿಗೆ ತಡೆ. ಜಾಗವಿಲ್ಲ ಎನ್ನುವವರು ಸಾಮಾನ್ಯವಾಗಿ ವೇದಿಕೆಯನ್ನು ಒಂದು ಮೀಟರ್ ಎತ್ತರ ಮಾಡಿರುತ್ತಾರೆ. ವೇದಿಕೆ ತಗ್ಗಿಸಿ, ಜಾಗ ತಾನೇ ಬರುತ್ತದೆ. ಆ ಇಳಿಜಾರಿನಲ್ಲೇ ಮುನ್ನೂರು ಮಂದಿಯೂ ಹತ್ತಲಿ. ಗೌನಿನ ಅಂಚು ಮೆಟ್ಟಿಲಿಗೆ ಸಿಕ್ಕಿ ಎಡವುವುದೂ ತಪ್ಪುತ್ತದೆ. ಸಂಜ್ಞಾಭಾಷೆಯ ಅನುವಾದಕರನ್ನು ಕರೆಸುವುದಾದರೆ ಇಬ್ಬರು ಬೇಕು, ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅವರಿಗೆ ಹೆಸರುಗಳ ಪಟ್ಟಿ ವಾರ ಮೊದಲೇ ಸೇರಿರಲಿ.

ಈಗ ಪಟ್ಟಿಯಲ್ಲಿ ಇಲ್ಲದವರು. ಸಮಿತಿಗಳು ಹೆಚ್ಚು ಹಿಂಜರಿಯುವುದು ಇಲ್ಲೇ, ಹಿಂಜರಿದು ಹೆಚ್ಚು ತಪ್ಪುವುದೂ ಇಲ್ಲೇ.

ತರಗತಿ ಶುರುವಾದಾಗ ಇದ್ದು, ಓದುವ ವರ್ಷಗಳಲ್ಲೇ ತೀರಿಕೊಂಡವರು ಇರಬಹುದು. ಅವರ ಮನೆಯವರನ್ನು ಎರಡು ತಿಂಗಳು ಮುಂಚೆಯೇ, ಪತ್ರದಲ್ಲಲ್ಲ, ಅವರನ್ನು ಬಲ್ಲ ಅಧ್ಯಾಪಕರೇ ಹೋಗಿ ಅಥವಾ ಕರೆಮಾಡಿ ಕೇಳಬೇಕು: ಹೆಸರು ಹೇಳಬಹುದೇ, ನೀವು ಬರುತ್ತೀರಾ, ಯಾವ ಫೋಟೋ. ಬೇಡ ಎಂದರೆ ಅಲ್ಲಿಗೆ ಬಿಡಿ. ಒಪ್ಪಿದರೆ ಹೆಸರನ್ನು ಪ್ರತ್ಯೇಕ ಭಾಗದಲ್ಲಿ, ಎಲ್ಲರ ಹೆಸರೂ ಆದ ಮೇಲೆ ಹೇಳಿ. ನಡುವೆ ಸೇರಿಸಿದರೆ ಮುಂದೆ ಬರುವ ವಿದ್ಯಾರ್ಥಿ ಯಾವ ಮುಖ ಹೊತ್ತು ನಡೆಯಬೇಕು ಎಂದು ತಿಳಿಯದೆ ತಬ್ಬಿಬ್ಬಾಗುತ್ತಾಳೆ. ದೊಡ್ಡ ಪರದೆಯ ಮೇಲೆ ವಿಡಿಯೋ, ಹಿನ್ನೆಲೆ ಸಂಗೀತ ಬೇಡ. ಹೆಸರು, ಓದುತ್ತಿದ್ದ ವಿಷಯ, ಗೆಳೆಯರು ಬರೆದ ಎರಡು ವಾಕ್ಯ, ಒಂದು ನಿಮಿಷ ಮೌನ. ಮನೆಯವರಿಗೆ ಅಂಚಿನ ಕುರ್ಚಿ ಕೊಡಿ, ಯಾವಾಗ ಬೇಕಾದರೂ ಎದ್ದು ಹೋಗಲು ಅನುಕೂಲವಾಗುವಂತೆ.

ಇನ್ನು ಕೆಲವರಿಗೆ ಒಂದೆರಡು ವಿಷಯ ಬಾಕಿ ಉಳಿದಿರುತ್ತದೆ, ಕೆಲವರು ದುಡಿಯಬೇಕಾಗಿ ಬಂದು ಮಧ್ಯದಲ್ಲೇ ಬಿಟ್ಟಿರುತ್ತಾರೆ. ಪದವಿ ಪ್ರದಾನದ ಭಾಗದಲ್ಲಿ ಅವರನ್ನು ಸೇರಿಸಲು ಬರುವುದಿಲ್ಲ, ನಿಯಮ ನಿಯಮವೇ. ಆದರೆ ಬೀಳ್ಕೊಡುಗೆ, ಗುಂಪು ಫೋಟೋ, ಸ್ಮರಣ ಸಂಚಿಕೆ ತರಗತಿಯವು, ಪರೀಕ್ಷಾ ವಿಭಾಗದವಲ್ಲ. ಇವಕ್ಕೆ ಎಲ್ಲರನ್ನೂ ಕರೆಯಿರಿ, ಯಾರಿಗೆ ಎಷ್ಟು ಬಾಕಿ ಎಂಬುದು ಎಲ್ಲೂ ಕಾಣದಂತೆ ನೋಡಿಕೊಳ್ಳಿ. ವೇದಿಕೆಯಲ್ಲಿ ಕೊಡುವ ಹೊದಿಕೆ ಖಾಲಿಯಿದ್ದು, ಅಸಲು ಪ್ರಮಾಣಪತ್ರ ಆಮೇಲೆ ಸಿಗುವ ಪದ್ಧತಿಯೇ ಒಳ್ಳೆಯದು. ಅಸಲನ್ನೇ ಕೊಡಲು ಹೊರಟರೆ ಒಂದು ಕಾಗದ ಹಿಂದುಮುಂದಾದರೂ ಸಾಕು, ಯಾರದೋ ಅಂಕಪಟ್ಟಿ ಯಾರದೋ ಕೈಗೆ ಸೇರುತ್ತದೆ.

ಗ್ರಂಥಾಲಯದ ಸಹಾಯಕರು, ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದಿಟ್ಟವರು, ರಾತ್ರಿ ಗೇಟಿನಲ್ಲಿ ಕೂತವರು, ಕೋಣೆ ಗುಡಿಸಿದವರು. ಇವರಿಗೆ ಆ ದಿನ ಕುರ್ಚಿ ಜೋಡಿಸುವ ಕೆಲಸ ಬಿದ್ದಿರುತ್ತದೆ, ಕುರ್ಚಿ ಮಾತ್ರ ಇರುವುದಿಲ್ಲ. ಆಹ್ವಾನ ಪತ್ರಿಕೆ ಅವರ ಹೆಸರಿಗೇ ಹೋಗಲಿ, ಎರಡನೆಯ ಸಾಲು ಅವರದಾಗಲಿ, ಆ ಹೊತ್ತಿನ ಕೆಲಸಕ್ಕೆ ಕಿರಿಯ ತರಗತಿಯ ವಿದ್ಯಾರ್ಥಿಗಳನ್ನು ಹಚ್ಚಿ.

ಸ್ಮರಣ ಸಂಚಿಕೆಗೆ ಬರುತ್ತೇನೆ. ಇಲ್ಲಿ ನಿಧಾನವಾಗಿ ಹೇಳಬೇಕು. ಸಮಾರಂಭ ಒಂದು ದಿನದ್ದು, ಇದು ನಲವತ್ತು ವರ್ಷದ ನಂತರವೂ ಕಪಾಟಿನಲ್ಲಿ ಇರುವಂಥದು.

ಪುಟದ ಲೆಕ್ಕ ಮೊದಲು. ಮುನ್ನೂರು ಜನ, ಪುಟಕ್ಕೆ ಆರು ಮಂದಿ ಎಂದರೆ 50 ಪುಟ. ಆವರಣದ ವರ್ಷಗಳಿಗೆ 30 ಪುಟ. ಒಟ್ಟು 80, ಅಂದರೆ ಹದಿನಾರು ಪುಟದ ಐದು ಫಾರಂ. ಫಾರಂ ಲೆಕ್ಕಕ್ಕೆ ಸರಿಯಾಗಿ ಪುಟ ನಿಲ್ಲಿಸಿದರೆ ಕಾಗದ ದಂಡವಾಗುವುದಿಲ್ಲ. 82 ಮಾಡಿದಿರೋ, ಎರಡು ಪುಟಕ್ಕಾಗಿ ಇನ್ನೊಂದು ಕಾಗದ ಸೇರಿಸಿ ಬೈಂಡ್ ಮಾಡಬೇಕು. 80 ಪುಟಕ್ಕೆ ಬೆನ್ನು ಅಂಟಿಸುವ ಬೈಂಡಿಂಗ್ ಮಾಡಿಸಿ. ಸೆಂಟರ್ ಪಿನ್ ಹೊಡೆದರೆ ಪುಸ್ತಕ ಬಾಯಿ ತೆರೆದುಕೊಂಡೇ ಇರುತ್ತದೆ. ಬೆನ್ನಿನ ಕಡೆ 20 ಮಿಲಿಮೀಟರ್ ಅಂಚು ಬಿಡಿ, ಇಲ್ಲವಾದರೆ ಒಳಗಿನ ಸಾಲಿನ ಮುಖಗಳು ಮಡಿಕೆಯೊಳಗೆ ಹೋಗುತ್ತವೆ. ಪುಟದ ತುದಿಯವರೆಗೂ ಬಣ್ಣ ಇರುವ ಕಡೆ ಕತ್ತರಿಸುವ ಗೆರೆಯಿಂದ 3 ಮಿಲಿಮೀಟರ್ ಹೊರಗೂ ಚಿತ್ರ ಚಾಚಿರಬೇಕು.

ಒಬ್ಬೊಬ್ಬರ ಫೋಟೋ 4 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಂಡರೆ ಅಚ್ಚಿಗೆ ಕನಿಷ್ಠ 472 ಗುಣಿಸು 591 ಪಿಕ್ಸೆಲ್ ಬೇಕು. ಇದು ದೊಡ್ಡದೇನಲ್ಲ. ತೊಂದರೆ ಬರುವುದು ಗುಂಪಿನ ಚಿತ್ರಗಳಲ್ಲಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಜೊತೆಗೆ, ಯಾವ ದಿನ ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂಬ ಒಳಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ. ಈ ಒಂದು ಮಾತನ್ನು ಕರೆಯೋಲೆಯ ಮೊದಲ ಸಾಲಿನಲ್ಲೇ ಬರೆಯಿರಿ.

ಬಂದ ಚಿತ್ರಗಳಿಂದ ಆರಿಸುವಾಗ ಒಂದು ಪಟ್ಟಿ ಇಡಿ: ಎಡಕ್ಕೆ ಮುನ್ನೂರು ಹೆಸರು, ಬಲಕ್ಕೆ ಆಯ್ದ ಚಿತ್ರಗಳಲ್ಲಿ ಅವರು ಎಷ್ಟು ಸಲ ಬಂದಿದ್ದಾರೆ ಎಂಬ ಎಣಿಕೆ. ಪಟ್ಟಿ ಇಡದೆ ಆರಿಸಿದರೆ ಸಂಘದ ಪದಾಧಿಕಾರಿಗಳು, ನಾಟಕದವರು, ಕ್ರೀಡಾಪಟುಗಳು, ಮತ್ತೆ ಸಮಿತಿಯವರ ಗೆಳೆಯರು ಪುಟ ಪುಟದಲ್ಲೂ ಬರುತ್ತಾರೆ. ದೂರದಿಂದ ಬಸ್ಸಿನಲ್ಲಿ ಬಂದು, ತರಗತಿ ಮುಗಿದ ತಕ್ಷಣ ಕೆಲಸಕ್ಕೆ ಓಡುತ್ತಿದ್ದವನು ತನ್ನ ಪಾಸ್‌ಪೋರ್ಟ್ ಚಿತ್ರ ಬಿಟ್ಟರೆ ಎಲ್ಲೂ ಇರುವುದಿಲ್ಲ. ಸೊನ್ನೆ ಇರುವ ಹೆಸರುಗಳನ್ನು ಗುರುತಿಸಿ, ಇನ್ನೂ ಎಂಟು ವಾರ ಇರುವಾಗಲೇ ಕ್ಯಾಮೆರಾ ಹಿಡಿದು ಅವರಿರುವಲ್ಲಿಗೆ ಹೋಗಿ: ಪ್ರಯೋಗಾಲಯದ ಮೇಜು, ಗ್ರಂಥಾಲಯದ ಅವರ ಮೂಲೆ. ಪ್ರತಿ ಹೆಸರಿನ ಎದುರು ಕನಿಷ್ಠ ಎರಡು ಬಂದ ಮೇಲೆ ಸಂಚಿಕೆ ಮುಚ್ಚಿ. ಇಡೀ ಸಂಚಿಕೆಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ನನಗೆ ಗೊತ್ತಿಲ್ಲ.

ಚಿತ್ರದಡಿ ‘ಸವಿನೆನಪು’, ‘ಮರೆಯಲಾಗದ ಕ್ಷಣ’ ಎಂದು ಬರೆಯಬೇಡಿ. ಎಡದಿಂದ ಬಲಕ್ಕೆ ಹೆಸರುಗಳು, ಜಾಗ, ತಿಂಗಳು, ವರ್ಷ, ತೆಗೆದವರ ಹೆಸರು ಬರೆಯಿರಿ. ಇಂದು ಎಲ್ಲರಿಗೂ ಗೊತ್ತಿರುವ ಮುಖ ಇಪ್ಪತ್ತು ವರ್ಷದಲ್ಲಿ ‘ಹಿಂದಿನ ಸಾಲಿನ ಕನ್ನಡಕದವಳು’ ಆಗಿಬಿಡುತ್ತದೆ. ಆವರಣದ 30 ಪುಟಗಳಲ್ಲೂ ಹೀಗೇ ನಿಖರತೆ ಇರಲಿ: ಮೊದಲ ವರ್ಷದ ವೇಳಾಪಟ್ಟಿಯ ಅಸಲು ಚಿತ್ರ, ಯಾವ ಕೋಣೆಯಲ್ಲಿ ಯಾವ ಪಾಠ, ಯಾವ ಬೆಂಚು ಅಲ್ಲಾಡುತ್ತಿತ್ತು, ಯಾವ ಪುಸ್ತಕಕ್ಕೆ ಗ್ರಂಥಾಲಯದಲ್ಲಿ ಸರತಿ ಇತ್ತು, ತರಗತಿ ಆನ್‌ಲೈನ್ ಆಗಿದ್ದರೆ ಎಷ್ಟು ವಾರ. ಬೇರೆ ಯಾವ ತರಗತಿಗೂ ಹೊಂದದ ಪುಟ ಬೇಕು.

ಅಚ್ಚಿನ ಎಡವಟ್ಟುಗಳಲ್ಲಿ ಕನ್ನಡಕ್ಕೇ ಅಂಟಿದ್ದು ಎರಡು. ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚಾದ ಬರಹವನ್ನು ಪರಿವರ್ತಿಸಿದಾಗ ಅರ್ಕಾವೊತ್ತು, ದೀರ್ಘ ಚಿಹ್ನೆ ಜಾಗ ತಪ್ಪುತ್ತವೆ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸದೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಹೆಸರುಗಳಲ್ಲಿ ಇದು ಆದರೆ ನೋವು. ಹಾಗಾಗಿ ಕೊನೆಯ ಕರಡನ್ನು ಕಾಗದದ ಮೇಲೆ ತೆಗೆದು, ಎರಡು ದಿನ ಒಂದು ಕೋಣೆಯಲ್ಲಿ ಇಡಿ. ಪ್ರತಿಯೊಬ್ಬರೂ ಬಂದು ತಮ್ಮ ಸಾಲು ತಾವೇ ನೋಡಿ ಪಕ್ಕದಲ್ಲಿ ಸಹಿ ಹಾಕಲಿ. ಫೋನಿನಲ್ಲಿ ಪಿಡಿಎಫ್ ಕಳಿಸಿದರೆ “ನೋಡಿದೆ, ಸರಿ ಇದೆ” ಎಂಬ ಉತ್ತರ ನೋಡದೆಯೇ ಬರುತ್ತದೆ. ನಾಲ್ಕು ವಾರ ಇರುವಾಗ ಕರಡು, ಮೂರು ವಾರ ಇರುವಾಗ ಅಚ್ಚಿಗೆ.

ಗುಂಪು ಫೋಟೋ. 120 ಜನರ ವಿಭಾಗವನ್ನು ನಾಲ್ಕು ಸಾಲಿನಲ್ಲಿ, ಸಾಲಿಗೆ 30ರಂತೆ ನಿಲ್ಲಿಸಿದರೆ ಒಬ್ಬರಿಗೆ 45 ಸೆಂಟಿಮೀಟರ್ ಲೆಕ್ಕದಲ್ಲಿ ಅಗಲ 13.5 ಮೀಟರ್. ಚಿತ್ರದ ಅಗಲ 6000 ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ ಒಂದು ಮುಖಕ್ಕೆ ಸಿಗುವುದು ಸುಮಾರು 70 ಪಿಕ್ಸೆಲ್. ಅದೇ ಜನರನ್ನು ಆರು ಸಾಲಿನಲ್ಲಿ 20ರಂತೆ ನಿಲ್ಲಿಸಿ. ಅಗಲ 9 ಮೀಟರಿಗೆ ಇಳಿದು ಮುಖಕ್ಕೆ ಸುಮಾರು 100 ಪಿಕ್ಸೆಲ್ ಸಿಗುತ್ತದೆ, ಗುರುತು ಹತ್ತುತ್ತದೆ. ಕಟ್ಟಡದ ಅಗಲ ಮೆಟ್ಟಿಲು ಇದಕ್ಕೆ ಸರಿ, ಒಂದು ಬಿಟ್ಟು ಒಂದು ಮೆಟ್ಟಿಲಲ್ಲಿ ನಿಲ್ಲಲಿ. ಮುಂದಿನವರ ಎರಡು ಭುಜದ ನಡುವೆ ಹಿಂದಿನವರ ಮುಖ ಬರಬೇಕು. “ನಿಮಗೆ ಕ್ಯಾಮೆರಾ ಕಾಣದಿದ್ದರೆ ಕ್ಯಾಮೆರಾಕ್ಕೂ ನೀವು ಕಾಣುವುದಿಲ್ಲ” ಎಂದು ಕೂಗಿ ಹೇಳಿದರೆ ಎಲ್ಲರೂ ತಾವೇ ಸರಿದುಕೊಳ್ಳುತ್ತಾರೆ. ಅಪರ್ಚರ್ ಎಫ್ 8, ಶಟರ್ ಸೆಕೆಂಡಿನ 125ರಲ್ಲಿ ಒಂದು ಭಾಗ ಅಥವಾ ಇನ್ನೂ ವೇಗ, ಫೋಕಸ್ ಮುಂದಿನಿಂದ ಎರಡು-ಮೂರನೆಯ ಸಾಲಿಗೆ. ತೀರಾ ಅಗಲದ ಲೆನ್ಸ್ ಬೇಡ, ಅಂಚಿನವರ ಮುಖ ಹಿಗ್ಗುತ್ತದೆ. ಬಿಸಿಲು ಕಣ್ಣಿಗೆ ಹೊಡೆಯದ ನೆರಳು ಬೇಕು.

ಕಣ್ಣು ಮಿಟುಕುವ ಸಮಸ್ಯೆಗೆ ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿಕ್ ಸ್ವೆನ್ಸನ್, ಪಿಯರ್ಸ್ ಬಾರ್ನ್ಸ್ ಲೆಕ್ಕವೇ ಕಟ್ಟಿದ್ದಾರೆ, ಅದಕ್ಕೆ 2006ರಲ್ಲಿ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ಸಂಖ್ಯೆಯನ್ನು ಒಳ್ಳೆಯ ಬೆಳಕಿನಲ್ಲಿ ಮೂರರಿಂದ, ಮಂದ ಬೆಳಕಿನಲ್ಲಿ ಎರಡರಿಂದ ಭಾಗಿಸಿ ಅಷ್ಟು ಚಿತ್ರ ತೆಗೆಯಿರಿ ಎನ್ನುತ್ತದೆ ಅವರ ಸೂತ್ರ. 120 ಜನರಲ್ಲಿ ಎಲ್ಲರ ಕಣ್ಣೂ ತೆರೆದಿರುವ ಒಂದೇ ಚಿತ್ರ ಸಿಗುವ ಆಸೆ ಬಿಡಿ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಅಲ್ಲಾಡಿಸದೆ ಇಪ್ಪತ್ತು ಚಿತ್ರ ತೆಗೆದು, ಮುಚ್ಚಿದ ಕಣ್ಣಿನವರ ಮುಖವನ್ನು ಇನ್ನೊಂದು ಚಿತ್ರದಿಂದ ತಂದು ಕೂರಿಸಬೇಕು. ತೆಗೆದ ಕೂಡಲೇ, ಯಾರೂ ಚದುರುವ ಮುನ್ನ, ಸಾಲುಸಾಲಾಗಿ ಹೆಸರು ಬರೆದುಕೊಳ್ಳಿ.

ಟೊಪ್ಪಿ ಹಾರಿಸುವ ಚಿತ್ರ ಎಲ್ಲರಿಗೂ ಬೇಕು. 1912ರಲ್ಲಿ ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಓದು ಮುಗಿಸಿದವರಿಗೆ ಆಗಲೇ ಅಧಿಕಾರಿ ಹುದ್ದೆ ಸಿಕ್ಕಿ, ಹಳೆಯ ಟೊಪ್ಪಿಗಳ ಅಗತ್ಯವೇ ಉಳಿಯಲಿಲ್ಲ, ಮೇಲಕ್ಕೆ ಎಸೆದರು; ಈ ರೂಢಿಯ ಮೂಲ ಅದೇ ಎನ್ನುತ್ತಾರೆ. ನಮ್ಮ ಚೌಕ ಟೊಪ್ಪಿಗೆ ಗಟ್ಟಿ ಮೂಲೆಗಳಿವೆ, ಬಾಡಿಗೆಯದ್ದಾದರೆ ವಾಪಸು ಕೊಡಬೇಕು. ಸಾಲುಗಳನ್ನು ಒಂದೊಂದು ತೋಳಿನಷ್ಟು ಬಿಡಿಸಿ ನಿಲ್ಲಿಸಿ, ನೇರ ಮೇಲಕ್ಕೆ, ತಲೆಯಿಂದ ಒಂದು ಮೀಟರಿನಷ್ಟೇ ಎಸೆದು, ಮೇಲೆ ನೋಡದೆ ತೋಳಿನಿಂದ ಮುಖ ಮುಚ್ಚಿಕೊಳ್ಳುವುದನ್ನು ಹೇಳಿಕೊಡಿ. ಟೊಪ್ಪಿಯೊಳಗೆ ಹೆಸರು ಬರೆದ ಚೂರು ಕಾಗದ ಇರಲಿ.

ವಿದ್ಯಾರ್ಥಿ ಪ್ರತಿನಿಧಿಯ ಭಾಷಣ ಆರು ನಿಮಿಷ ಎಂದೆ. ನಿಧಾನವಾದ ಕನ್ನಡ ಮಾತು ನಿಮಿಷಕ್ಕೆ ಸುಮಾರು 90 ಪದ. ಬರೆದುಕೊಳ್ಳಬೇಕಾದ್ದು 500ರಿಂದ 550. “ಅಪರಿಚಿತರಾಗಿ ಬಂದೆವು, ಕುಟುಂಬವಾಗಿ ಹೊರಟೆವು” ಎಂಬಲ್ಲಿಂದ ಶುರುವಾದ ಕರಡನ್ನು ವಾಪಸು ಕೊಡಿ. ಅದು ಯಾವ ಕಾಲೇಜಿನ ಯಾವ ವರ್ಷಕ್ಕೂ ಸಲ್ಲುತ್ತದೆ. ಮಾತನಾಡುವವರು ತರಗತಿಯ ಹತ್ತು ಮಂದಿಯನ್ನು, ತಮಗೆ ಹೆಚ್ಚು ಪರಿಚಯವಿಲ್ಲದವರನ್ನೇ, ಕೇಳಲಿ: “ಇಲ್ಲಿಂದ ಒಂದು ಜಾಗ ಕೊಂಡೊಯ್ಯಬಹುದಾಗಿದ್ದರೆ ಯಾವುದು?” ಒಬ್ಬಳು ಎರಡನೆಯ ಮಹಡಿಯ ಕಿಟಕಿಯ ಕಟ್ಟೆ ಎನ್ನಬಹುದು, ಇನ್ನೊಬ್ಬ ಸ್ಟೋರ್ ರೂಮಿನ ಪಕ್ಕದ ಚಾರ್ಜಿಂಗ್ ಪಾಯಿಂಟ್ ಎನ್ನಬಹುದು. ಅಂಥ ಆರು ಉತ್ತರ ಸಿಕ್ಕರೆ ಭಾಷಣ ಅರ್ಧ ಬರೆದಂತೆ. ಸಭೆಯಲ್ಲಿ ಕೂತವರು ತಮ್ಮ ಕಿಟಕಿಯ ಹೆಸರು ಕೇಳಿ ತಲೆ ಎತ್ತುತ್ತಾರೆ.

ನೆನಪಿನ ವಸ್ತು ತುಂಬಿ, ಎಷ್ಟೋ ವರ್ಷದ ನಂತರ ತೆರೆಯಲೆಂದು ಕಾಲಪೆಟ್ಟಿಗೆ ಹೂಳುವ ಉಮೇದು ಪ್ರತಿ ತರಗತಿಗೂ ಬರುತ್ತದೆ. ಹೂಳಬೇಡಿ. ನೆಲದ ತೇವ ಎಂಥ ಡಬ್ಬಿಯನ್ನೂ ಹೊಕ್ಕುತ್ತದೆ, ಹೂತ ಜಾಗವೂ ಮರೆತುಹೋಗುತ್ತದೆ. ಗ್ರಂಥಾಲಯದ ಒಣ ಕಪಾಟಿನಲ್ಲಿ, ತೆರೆಯುವ ವರ್ಷ ಬರೆದ ಪೆಟ್ಟಿಗೆಯಾಗಿ ಇಡಿ, ಗ್ರಂಥಾಲಯದ ದಾಖಲೆ ಪುಸ್ತಕದಲ್ಲೂ ಬರೆಸಿ. ಒಳಗೆ ಆಮ್ಲರಹಿತ ಕಾಗದ. ರಬ್ಬರ್ ಬ್ಯಾಂಡ್ ಒಣಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ, ಸೆಲ್ಲೋಟೇಪು ಹಳದಿಯಾಗಿ ಕಲೆ ಬಿಡುತ್ತದೆ, ಬಿಲ್ಲು-ಟಿಕೆಟಿನ ಥರ್ಮಲ್ ಕಾಗದದ ಅಕ್ಷರ ಕೆಲವೇ ವರ್ಷದಲ್ಲಿ ಮಾಯವಾಗುತ್ತದೆ. ಅದರ ನಕಲು ತೆಗೆದಿಡಿ. ಪೆನ್‌ಡ್ರೈವ್ ನಂಬಬೇಡಿ, ವಿದ್ಯುತ್ ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಒಳಗಿನದು ಅಳಿಸಬಹುದು. ಚಿತ್ರ, ಧ್ವನಿ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಅತಿ ಮುಖ್ಯವಾದದ್ದನ್ನು ಕಾಗದದ ಮೇಲೆ ಮುದ್ರಿಸಿಡಿ.

ಆ ಪೆಟ್ಟಿಗೆಗೆ ಚಿತ್ರಗಳ ಜೊತೆ ಸದ್ದುಗಳನ್ನೂ ಹಾಕಿ ಎಂದು ಒತ್ತಿ ಹೇಳುತ್ತೇನೆ. ಪಾಠದ ಗಂಟೆ, ತರಗತಿ ಬಿಟ್ಟಾಗಿನ ಓಣಿ, ಗ್ರಂಥಾಲಯದ ಫ್ಯಾನು, ಪ್ರಯೋಗಾಲಯದ ನಲ್ಲಿ, ಹಾಜರಿ ಕರೆಯುವ ಅಧ್ಯಾಪಕರ ದನಿ (ಕೇಳಿ ಒಪ್ಪಿಗೆ ಪಡೆದು). ಒಂದೊಂದೂ ಮೂರು ನಿಮಿಷ. ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿ ಹಾಕಿ ಮೇಜಿನ ಮೇಲಿಟ್ಟು ದೂರ ಸರಿಯಿರಿ, ಕೈಯಲ್ಲಿ ಹಿಡಿದರೆ ಬೆರಳು ಉಜ್ಜುವ ಸದ್ದೇ ತುಂಬುತ್ತದೆ. ಸದ್ದನ್ನು ಕುಗ್ಗಿಸದೆ ಇಡುವ ವೇವ್ (WAV) ಕಡತವಾಗಿ ಉಳಿಸಿ. ಹೆಸರಿನ ಆ ಮೂರು ಸೆಕೆಂಡಿನ ಧ್ವನಿಮುದ್ರಣಗಳಿವೆಯಲ್ಲ, ಅವನ್ನೂ ಒಪ್ಪಿದವರದು ಇದರಲ್ಲಿ ಸೇರಿಸಿ: ಮುನ್ನೂರು ದನಿ, ತಂತಮ್ಮ ಹೆಸರು ಹೇಳುತ್ತ, ಕಾಲು ಗಂಟೆ.

ಸಮಾರಂಭ ಮುಗಿದ ಮೇಲಿನ ಹತ್ತು ದಿನ ಸಮಿತಿ ಕರಗಬಾರದು. ಚಿತ್ರಗಳನ್ನು ಎಲ್ಲರಿಗೂ ತಲುಪಿಸುವುದು, ಸಂಚಿಕೆಯಲ್ಲಿ ಉಳಿದ ತಪ್ಪುಗಳಿಗೆ ತಿದ್ದೋಲೆ ಅಚ್ಚು ಹಾಕಿಸಿ ಒಳಗೆ ಅಂಟಿಸುವುದು, ಎರಡು ಪ್ರತಿ ಗ್ರಂಥಾಲಯಕ್ಕೆ ಕೊಡುವುದು, ಮುಂದಿನ ವರ್ಷದ ಸಮಿತಿಗೆ ಏನು ಎಷ್ಟು ಹೊತ್ತು ಹಿಡಿಯಿತು ಎಂಬ ನಿಜವಾದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಡುವುದು.

ಇನ್ನು ಮೈಕಿನ ಪಕ್ಕದ ಪೆಟ್ಟಿಗೆ. ಓದಿದ ಚೀಟಿಗಳೆಲ್ಲ ಅದರಲ್ಲಿವೆ, ಪೆನ್ಸಿಲ್ ಗುರುತುಗಳ ಸಮೇತ. ಬೆಳಿಗ್ಗೆಯ ಮೇಜಿನ ಮೇಲೆ ಇನ್ನೊಂದು ಚಿಕ್ಕ ಕಟ್ಟು ಉಳಿದಿರುತ್ತದೆ: ಬರಲಾಗದವರ ಚೀಟಿಗಳು. ಆಸ್ಪತ್ರೆಯಲ್ಲಿದ್ದವರು, ಹೊಸ ಕೆಲಸದಲ್ಲಿ ರಜೆ ಸಿಗದವರು, ಬಸ್ಸಿನ ಖರ್ಚಿಗೆ ಹಿಂಜರಿದವರು. ಆ ಕಟ್ಟನ್ನು ಓದುವವರಿಬ್ಬರ ಕೈಗೆ ಕೊಟ್ಟು, ಖಾಲಿ ಸಭಾಂಗಣದಲ್ಲಿ ಅದೇ ಮೈಕಿನಲ್ಲಿ ಒಂದೊಂದೇ ಹೆಸರು ಓದಿಸಿ, ರೆಕಾರ್ಡ್ ಮಾಡಿಸಿ. ಕುರ್ಚಿ ಮಡಚುತ್ತಿರುವವರು ಐದು ನಿಮಿಷ ನಿಂತು ಚಪ್ಪಾಳೆ ತಟ್ಟಲಿ. ಆ ಧ್ವನಿ, ಆ ಚೀಟಿ, ಸಂಚಿಕೆಯ ಒಂದು ಪ್ರತಿ ಅವರ ವಿಳಾಸಕ್ಕೆ ಅದೇ ವಾರ ಹೊರಡಲಿ.